ಐದು ಹನಿ

ಒಲೆಯ ಮೇಲೆ ಕಾಫಿ ಇದೆ ರೀತ್ತಾ, ಬಗ್ಗಿಸಿಕೋ.
ನಿನ್ನ ಕಣ್ಣಿಗೆ ಬೀಳದಿರಲೆಂದು ಸಕ್ಕರೆ ಡಬ್ಬಿಯನ್ನು
ಬೀರುವಿನಲ್ಲಿ ಬಚ್ಚಿಟ್ಟಿದ್ದೆ. ನನ್ನ ಹುಚ್ಚು ನೋಡು,
ಡಬ್ಬಿಯದೇನು ತಪ್ಪು?

ಸೂರ್ಯ ಮುಳುಗಿ ನಲವತ್ತು ದಿನವಾಯಿತು ಇನಾರಿಯಲ್ಲಿ.
ಹೆಪ್ಪುಗಟ್ಟಿದ ಸರೋವರದ ಮೇಲೆ
ನಡುಮಧ್ಯಾಹ್ನ ಒಂದಿಷ್ಟು ನೀಲಿ,
ಹಾಲಿಗೆ ಶಾಯಿ ತೊಟ್ಟಿಕ್ಕಿದ ಹಾಗೆ;
ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಅದೂ ಇಲ್ಲ.

ನೀನು ಕೇಳಬೇಕೆಂದು ಬಂದದ್ದು ನನಗೆ ಗೊತ್ತು.
ನೀಲೋ ಏಳು ತಿಂಗಳ ಕೂಸಾಗಿದ್ದ ಆ ಚಳಿಗಾಲ
ಗಂಡ ನಾರ್ವೆಯ ಮೀನು ಕಾರ್ಖಾನೆಯಲ್ಲಿ,
ನಿನಗೆ ಎದೆ ಬಾವು, ಮೈತುಂಬ ಜ್ವರ,
ವಿಟಮಿನ್ ಡಿ ಸೀಸೆ ಉರುಳಿ ತೊಟ್ಟಿಯ ಹಿಂದೆ ಸೇರಿ
ಮೂರು ವಾರ ಅದರ ನೆನಪೇ ಬರಲಿಲ್ಲ.
ಅದಕ್ಕೇನಾ? ಅಷ್ಟಕ್ಕೇನಾ?

ಮೂವತ್ತಾರು ವರ್ಷ ನರ್ಸಾಗಿದ್ದೆ ನಾನು.
ಒದ್ದು ಓಡಿಸುವ ಜಾರುಗಾಡಿಯಲ್ಲಿ ಮನೆಮನೆಗೆ ಹೋಗಿ,
ಎಣ್ಣೆ ಗಟ್ಟಿಯಾಗದಿರಲೆಂದು ಸೀಸೆಯನ್ನು
ಕುಪ್ಪಸದೊಳಗೆ ಇಟ್ಟುಕೊಂಡು,
ನನ್ನ ಮೈಬಿಸಿಯಲ್ಲೇ ಬೆಚ್ಚಗಿತ್ತು ಈ ಊರಿನ ಸೂರ್ಯ.
ರಾಜಧಾನಿಯಿಂದ ಕಾಗದ ಬರುತ್ತಿತ್ತು:
ಮೊದಲು ಕರುವಿಗೆ ಕುಡಿಸಿದಷ್ಟು ಧಾರಾಳ,
ಆಮೇಲೆ ಅರ್ಧ, ಆಮೇಲೆ ಅರ್ಧದಲ್ಲೂ ಕಡಿಮೆ.
ಪ್ರತಿಸಲವೂ ಅದೇ ಗಂಟುಮುಖದಲ್ಲಿ ಹೇಳಿದೆ
'ಇಷ್ಟೇ ಸರಿಯಾದ ಅಳತೆ.'
ಒಬ್ಬ ತಾಯಿಯೂ ಏಕೆಂದು ಕೇಳಲಿಲ್ಲ.
ನಾನೂ ಕೇಳಲಿಲ್ಲ.

ನನ್ನ ದಪ್ಪ ರಟ್ಟಿನ ಪುಸ್ತಕದಲ್ಲಿ
ಮೊದಲ ಹತ್ತು ವರ್ಷಕ್ಕೆ ಸಕ್ಕರೆ ಕಾಯಿಲೆಯ ಮಗು ಒಂದು.
ಕೊನೆಯ ಹತ್ತಕ್ಕೆ ಒಂಬತ್ತು.
ಹನಿ ಇಳಿಯಿತು, ಎಣಿಕೆ ಏರಿತು.
ಎರಡೂ ಕೈಹಿಡಿದು ನಡೆದವೋ
ಒಂದೇ ದಾರಿಯಲ್ಲಿ ಸುಮ್ಮನೆ ಎದುರಾದವೋ
ನಾನು ಹೇಳಲಾರೆ ರೀತ್ತಾ.
ಓದಿದವರಲ್ಲಿ ಒಬ್ಬರು ಹೌದು ಅನ್ನುತ್ತಾರೆ,
ಇನ್ನೊಬ್ಬರು ತಾಳಿ ಅನ್ನುತ್ತಾರೆ,
ಮತ್ತೊಬ್ಬರು ಅಜ್ಜಂದಿರ ರಕ್ತದ ಕಡೆ ಬೆರಳು ತೋರುತ್ತಾರೆ.
ಹನಿ ಹನಿ ಕೂಡಿದರೆ ಹಳ್ಳ, ಸರಿ.
ಹನಿ ತಪ್ಪಿದ ದಿನಗಳು ಕೂಡಿದರೆ
ಏನಾಗುತ್ತದೆಂದು ಯಾವ ಗಾದೆಯೂ ಹೇಳುವುದಿಲ್ಲ.
ಆ ಮೂರು ವಾರವನ್ನು
ನಾನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ,
ನೀನೂ ಬರೆದುಕೊಳ್ಳಬೇಡ.

ಅಗೋ ನೀಲೋ, ಆರೇ ವರ್ಷ,
ಬೆರಳು ತಾನೇ ಚುಚ್ಚಿಕೊಂಡು
'ಹನ್ನೊಂದು!' ಎಂದು ಕೂಗುತ್ತಾನೆ, ಗೋಲು ಹೊಡೆದವನಂತೆ.
ಹನ್ನೊಂದು ಒಳ್ಳೆಯದಲ್ಲವೆಂದು ಅವನಿಗೂ ಗೊತ್ತು.
ಕೂಗುವ ಖುಷಿ ಬೇರೆ.

ಇವತ್ತು ಸೂರ್ಯ ಬರುವ ದಿನ.
ಫರ್ ಮರಗಳ ತುದಿಯಲ್ಲಿ ಕೆಂಪು ಅಂಚೊಂದು ಇಣುಕಿದ್ದೇ ತಡ
ಹುಡುಗ ಕೋಟು ಬಿಸಾಡಿ ಅಂಗಳಕ್ಕೆ ಓಡಿದ,
ತೋಳು ಮೇಲೆ ಮಡಚಿ, ಸೂಜಿಗೆ ಒಡ್ಡುವ ಹಾಗೆ
ಬಿಳಿಚಿದ ಕೈಯನ್ನು ಆಕಾಶಕ್ಕೆ ಒಡ್ಡಿ ನಿಂತ:
'ಔನೆ ಅಜ್ಜೀ, ಹನಿ ಒಳಗೆ ಹೋಯಿತಾ?'

ಸುಳ್ಳು ಹೇಳಬಹುದಿತ್ತು.
ಇದು ಬರೀ ಬೆಳಕು ಮಗೂ, ಇನ್ನೂ ಬಿಸಿಲಲ್ಲ.
ಸೂರ್ಯ ಮರದ ಸೊಂಟ ದಾಟಿ, ಹೆಗಲು ದಾಟಿ
ಎತ್ತರಕ್ಕೆ ಏರಬೇಕು, ವಸಂತ ಬರಬೇಕು,
ಅಲ್ಲಿಯತನಕ ಚರ್ಮಕ್ಕೆ ಇದರಿಂದ ಏನೂ ದಕ್ಕದು.
ಬಿಸಿಲು ಬಂದಮೇಲೂ
ನಿನ್ನ ಸೂಜಿ ನಿನಗೆ ತಪ್ಪುವುದಿಲ್ಲ.
ಇದನ್ನೆಲ್ಲ ಹೇಳಿದೆ.
ಅವನು ಒಂದು ಗಳಿಗೆ ಯೋಚಿಸಿ
'ಆದರೂ ನಿಂತಿರಲಾ?' ಎಂದ.
ನಿಲ್ಲು ಅಂದೆ. ಕೋಟು ಹಾಕಿಕೊಂಡು.

ಈಗ ತ್ಯೂನೆಯನ್ನು ಇಲ್ಲಿ ಕೊಡು.
ನಿನ್ನ ಕೈ ನಡುಗುತ್ತಿದೆ, ನಾನು ಗಲ್ಲ ಹಿಡಿಯುತ್ತೇನೆ,
ಸೀಸೆ ನೀನೇ ಬಗ್ಗಿಸು. ಹೆಚ್ಚೂ ಬೇಡ,
ಮೂರು ವಾರದ ಬಾಕಿ ತೀರಿಸಲು ಹೋಗಬೇಡ.
ಒಂದು. ಎರಡು. ಮೂರು.
ಕಿಟಕಿಯ ಕೆಂಪು ನಾಲ್ಕನೆಯದಕ್ಕೆ ತಾಗಿತು ನೋಡು.
ಐದು—
ಅಯ್ಯೋ, ಉಗಿದಳು ಕಳ್ಳಿ, ಅರ್ಧಕ್ಕರ್ಧ ನನ್ನ ತೋಳಿಗೆ.

ಹೋಗಲಿ, ನಾಳೆ ಇದೆ.
ನಿನ್ನ ಕಾಫಿ ಆರಿತು.